ಮೋಡಕ್ಕೆ ಗ್ರಾಮಸಭೆ ಎಲ್ಲಿದೆ?

ಮಲೆ ಮಾದೇಶ್ವರ ಕಾವ್ಯದ ಶ್ರವಣ ದೊರೆಯ ಪ್ರಸಂಗವನ್ನು ಸೊಕ್ಕು ಮುರಿದ ಕತೆಯೆಂದು ಓದುವುದು ರೂಢಿ. ಕೊಳ್ಳೇಗಾಲ, ಹನೂರು ಸೀಮೆಯ ಕಂಸಾಳೆಯವರು ಹಾಡುವ ಈ ಕತೆಯಲ್ಲಿ ದೊರೆ ದೇವತೆಗಳನ್ನೇ ಸೆರೆಯಲ್ಲಿಟ್ಟು ಚಾಕರಿ ಮಾಡಿಸಿಕೊಳ್ಳುತ್ತಾನೆ. ಮಾದಪ್ಪ ಹರಳಯ್ಯನ ಕೈಯಲ್ಲಿ ಅರಗಿನ ಪಾದರಕ್ಷೆ ಮಾಡಿಸುತ್ತಾನೆ. ಅದನ್ನು ಮೆಟ್ಟಿದ ದೊರೆ, ಅರಗು ಕರಗಿ ನಾಶವಾಗುತ್ತಾನೆ.

ಹವಾಮಾನವನ್ನೇ ತಿದ್ದಲು ಹೊರಟ ನಮ್ಮ ಕಾಲಕ್ಕೆ ಈ ಕತೆಯನ್ನು ಹೊಂದಿಸುವುದು ಸುಲಭ: ಮನುಷ್ಯನ ದರ್ಪ, ಪ್ರಕೃತಿಯ ಸೇಡು. ಈ ಓದು ನನಗೆ ಸಾಲದು. ಒಣಗುತ್ತಿರುವ ರಾಗಿ ಹೊಲದ ಮುಂದೆ ನಿಂತು ಮಳೆ ಬೇಡುವ ಹನೂರಿನ ರೈತನನ್ನೂ ಅದು ದರ್ಪಿಷ್ಠರ ಸಾಲಿಗೆ ಸೇರಿಸಿಬಿಡುತ್ತದೆ. ಶ್ರವಣನ ತಪ್ಪು ಗಾಳಿ ಮಳೆಗಳನ್ನು ಮುಟ್ಟಿದ್ದಲ್ಲ, ಯಾರನ್ನೂ ಕೇಳದೆ ಆಳಾಗಿಸಿಕೊಂಡದ್ದು.

ಕರ್ನಾಟಕ ಸರ್ಕಾರ 2003ರ ಮೋಡ ಬಿತ್ತನೆಗೆ 'ವರುಣ' ಎಂದು ಹೆಸರಿಟ್ಟಿತು, 2017ರದ್ದಕ್ಕೆ 'ವರ್ಷಧಾರೆ' ಎಂದು. ಒಂದು ದೇವರ ಹೆಸರು, ಇನ್ನೊಂದು ಫಲದ ಹೆಸರು. ಮಳೆ ಬೀಳುವ ಮೊದಲೇ ಹೆಸರಿನಲ್ಲಿ ಸುರಿದಾಗಿತ್ತು! 'ಬಿತ್ತನೆ' ಎಂಬ ಮಾತನ್ನೂ ಗಮನಿಸಬೇಕು. ಬಿತ್ತುವವನಿಗೆ ತನ್ನ ಹೊಲದ ಬದು ಗೊತ್ತು. ವಿಮಾನದಿಂದ ಬೆಳ್ಳಿ ಅಯೋಡೈಡ್ ಚೆಲ್ಲುವಾಗ ಬದು ಎಲ್ಲಿದೆ?

ಮೋಡ ಬಿತ್ತನೆ ಒಂದು ಸೀಮೆಯ ಕೆಲಸ. ವಾಯುಮಂಡಲದ ಮೇಲ್ಪದರಕ್ಕೆ ಗಂಧಕದ ಕಣ ಸೇರಿಸಿ ಬಿಸಿಲನ್ನೇ ಮಬ್ಬುಗೊಳಿಸುವ ಜಿಯೋಎಂಜಿನಿಯರಿಂಗ್ ಇಡೀ ಭೂಮಿಯದು. 1991ರಲ್ಲಿ ಪಿನಾಟುಬೊ ಜ್ವಾಲಾಮುಖಿ ಸಿಡಿದ ಮೇಲೆ ಭೂಮಿ ಸುಮಾರು ಅರ್ಧ ಡಿಗ್ರಿ ತಣ್ಣಗಾಗಿತ್ತು. ಆ ತಂಪು ಒಂದೆರಡು ವರ್ಷದ್ದು. ಇಂಗಾಲವನ್ನು ಇಳಿಸದೆ ಕಣಗಳನ್ನಷ್ಟೇ ನಂಬಿ, ಒಂದು ದಿನ ನಿಲ್ಲಿಸಿದರೆ ತಡೆದಿಟ್ಟ ಶಾಖ ಕೆಲವೇ ವರ್ಷಗಳಲ್ಲಿ ಮೇಲೇರುತ್ತದೆ. ಅದು ಅರಗಿನ ಪಾದರಕ್ಷೆಯೇ. ಆದರೆ ಕತೆಯಲ್ಲಿ ಮೆಟ್ಟಿದವನೇ ಸುಟ್ಟ, ಇಲ್ಲಿ ಸುಡುವುದು ಬರಿಗಾಲಿನವರ ಪಾದ. ಮುಂಗಾರು ಏರುಪೇರಾದರೆ ಮೊದಲು ಸೋಲುವವನು ಮಳೆಯನ್ನೇ ನಂಬಿದ ರೈತ.

ಕೇಳಿ ಮಾಡುವುದು ಅಸಾಧ್ಯವೇನಲ್ಲ. ಸ್ವೀಡನ್ನಿನ ಕಿರುನಾದಲ್ಲಿ ಹಾರ್ವರ್ಡ್ ವಿಜ್ಞಾನಿಗಳು ಬಲೂನು ಹಾರಿಸಿ ನೋಡಲು ಹೊರಟಾಗ, 2021ರಲ್ಲಿ ಅಲ್ಲಿನ ಸಾಮಿ ಜನರ ಮಂಡಳಿ ತಕರಾರು ಎತ್ತಿತು, ಹಾರಾಟ ನಿಂತಿತು. ನಮ್ಮ ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರಿಗೆ 2011ರಲ್ಲಿ ಸಾಮುದಾಯಿಕ ಅರಣ್ಯ ಹಕ್ಕು ದೊರೆಯಿತು. ಹುಲಿ ಮೀಸಲು ಪ್ರದೇಶವಾದರೂ ಕಾಡಿನ ವಿಚಾರದಲ್ಲಿ ಅವರ ಗ್ರಾಮಸಭೆಗೆ ಕಾನೂನಿನ ದನಿಯಿದೆ. ಅದೇ ಬೆಟ್ಟದ ಮೇಲೆ ಹಾಯುವ ಮೋಡದ ವಿಚಾರದಲ್ಲಿ ಇಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಈ ಚರ್ಚೆಯನ್ನು ವಿಜ್ಞಾನಿಗಳಿಗೆ ಬಿಟ್ಟು ಸುಮ್ಮನಿರಬೇಕಿಲ್ಲ. ಯೋಜನೆಯ ಹೆಸರು, ಅದರ ಕ್ರಿಯಾಪದ, ಅದು ಹೇಳದೆ ಬಿಟ್ಟ ಕರ್ತೃಪದ, ಇವನ್ನು ಓದುವುದು ನಮ್ಮದೇ ಕಸುಬು. ಮಳೆ ತರಿಸುತ್ತೇವೆ ಎನ್ನುವ ವಾಕ್ಯದಲ್ಲಿ ಆ 'ನಾವು' ಯಾರು ಎಂದು ಅಲ್ಲಿಂದಲೇ ಕೇಳತೊಡಗಬಹುದು.