ಹನ್ನೊಂದು ಡಿ ಗಾಜು, ಒಂದು ಚಿಟಿಕೆ ಮರಳು

ಮೊಬೈಲ್ ಅಂಗಡಿ ಗೋಡೆ ಮೇಲೆ ಸಾಲಾಗಿ ನೇತುಹಾಕಿರೋ ಸ್ಕ್ರೀನ್ ಗಾರ್ಡ್ ಪೆಟ್ಟಿಗೆಗಳನ್ನ ಯಾವತ್ತಾದ್ರೂ ಪೂರ್ತಿ ಓದಿದ್ದೀರಾ? ಸಿನಿಮಾಕ್ಕೆ, ಕಾದಂಬರಿಗೆ, ಹೋಟೆಲ್ ಬಿರಿಯಾನಿಗೆ ಎಲ್ಲದಕ್ಕೂ ನಾವು ವಿಮರ್ಶೆ ಬರೀತೀವಿ. ಮತ್ತೆ ಮತ್ತೆ ದುಡ್ಡು ಕೊಟ್ಟು ಕೊಳ್ಳೋ ಈ ಪೆಟ್ಟಿಗೆ ಮೇಲಿನ ಬರಹವನ್ನ ಮಾತ್ರ ಯಾರೂ ಮುಟ್ಟಲ್ಲ. ರಾಯಚೂರಿನ ತೀನ್ ಕಂದೀಲ್ ಹತ್ರ ಕೊಂಡ್ರೂ ಅದೇ, ಬೆಂಗಳೂರಿನ ಎಸ್.ಪಿ. ರೋಡಲ್ಲಿ ಕೊಂಡ್ರೂ ಅದೇ: '9ಎಚ್', '11ಡಿ', 'ಮಿಲಿಟರಿ ಗ್ರೇಡ್', 'ಅನ್‌ಬ್ರೇಕಬಲ್'. ಹಿಂದೆ 999 ರೂಪಾಯಿ ಎಂಆರ್‌ಪಿ, ಕೈಗೆ ಬರೋದು ನೂರೈವತ್ತಕ್ಕೆ. ಇಷ್ಟು ಸುಳ್ಳನ್ನ ಇಷ್ಟು ಸಣ್ಣ ಜಾಗದಲ್ಲಿ ಬರೆಯೋದೂ ಒಂದು ಕಲೆನೇ ಬಿಡಿ.

ಮೊದಲು ಆ 'ಡಿ' ನೋಡೋಣ. 2.5ಡಿ ಅಂದ್ರೆ ಗಾಜಿನ ಅಂಚನ್ನ ದುಂಡಗೆ ಮಸೆದಿದ್ದಾರೆ ಅಂತ, ಬೆರಳಿಗೆ ಚುಚ್ಚಲ್ಲ. 3ಡಿ ಅಂದ್ರೆ ಅಂಚಿನಲ್ಲಿ ಗಾಜೇ ಬಾಗಿದೆ ಅಂತ. ಇಲ್ಲಿವರೆಗೆ ಅರ್ಥ ಇದೆ. ಆಮೇಲೆ ಬರೋ 6ಡಿ, 9ಡಿ, 11ಡಿ, 21ಡಿಗಳಿಗೆ ಎಲ್ಲರೂ ಒಪ್ಪಿದ ಅರ್ಥವೇ ಇಲ್ಲ. ಭೌತಶಾಸ್ತ್ರದ ಎಂ-ಥಿಯರಿಯವರು ಹನ್ನೊಂದು ಆಯಾಮ ಬೇಕು ಅಂತ ದಶಕಗಳಿಂದ ಲೆಕ್ಕ ಹಾಕ್ತಾ ಕೂತಿದ್ದಾರೆ. ನಮ್ಮ ಸ್ಟೇಷನ್ ರೋಡಿನ ಹುಡುಗ ಐದು ನಿಮಿಷದಲ್ಲಿ ಅಂಟಿಸಿ ಕೊಡ್ತಾನೆ.

'9ಎಚ್' ಇದಕ್ಕಿಂತ ಜಾಣ ಸುಳ್ಳು, ಯಾಕಂದ್ರೆ ಅದರೊಳಗೆ ನಿಜ ಇದೆ. ಓದಿದವರೂ ಇದನ್ನ ಮೋಸ್ ಮಾಪನದ 9 ಅಂದ್ಕೊಳ್ತಾರೆ. ಫ್ರೆಡ್ರಿಕ್ ಮೋಸ್ 1812ರಲ್ಲಿ ಮಾಡಿದ ಆ ಪಟ್ಟಿಯಲ್ಲಿ ವಜ್ರ 10, ಕೊರಂಡಮ್ ಅಂದ್ರೆ ಮಾಣಿಕ್ಯ-ನೀಲದ ಜಾತಿ 9. ನೂರೈವತ್ತು ರೂಪಾಯಿಗೆ ಮಾಣಿಕ್ಯ ಯಾರು ಕೊಡ್ತಾರೆ? ಪೆಟ್ಟಿಗೆಯ 9ಎಚ್ ಪೆನ್ಸಿಲ್ಲಿನದು. ಎಚ್‌ಬಿ, 2ಬಿ ಅಂತ ಡ್ರಾಯಿಂಗ್ ಪೆನ್ಸಿಲ್ ಇರ್ತಾವಲ್ಲ, ಆ ಸಾಲಿನಲ್ಲಿ ತೀರಾ ಗಟ್ಟಿ ಮೊನೆ 9ಎಚ್. ಬಣ್ಣದ, ವಾರ್ನಿಶ್‌ನ ಲೇಪ ಎಷ್ಟು ಗಟ್ಟಿ ಅಂತ ನೋಡೋಕೆ ಆ ಪೆನ್ಸಿಲ್ಲನ್ನ 45 ಡಿಗ್ರಿ ಓರೆ ಹಿಡಿದು ತಳ್ಳೋ ಪರೀಕ್ಷೆ ಇದೆ. ಪೆನ್ಸಿಲ್ ಮೊನೆ ಗ್ರಾಫೈಟ್ ಮತ್ತು ಜೇಡಿಮಣ್ಣಿಂದು, ಗಾಜಿಗಿಂತ ಎಷ್ಟೋ ಮೆತ್ತಗೆ. ನಿಮ್ಮ ಮನೆ ಕಿಟಕಿ ಗಾಜೂ ಈ ಪರೀಕ್ಷೇಲಿ ಪಾಸಾಗುತ್ತೆ. ಅಂಗಡಿಯಲ್ಲಿ ಬೀಗದ ಕೈಯಿಂದ ಗೀಚಿ ತೋರಿಸೋದೂ ಇದೇ ಜಾತಿ ಆಟ. ಹಿತ್ತಾಳೆ ಗಾಜಿಗಿಂತ ಮೆತ್ತಗೆ, ಗೀರು ಬೀಳೋದು ಕೀಲಿಗೇ.

ಹಾಗಾದ್ರೆ ಪರದೆಗೆ ಗೀರು ಬೀಳೋದು ಯಾವುದರಿಂದ? ರಾಯಚೂರು ಜಿಲ್ಲೆಯವರು ಇದಕ್ಕೆ ಉತ್ತರ ಹುಡುಕ್ಕೊಂಡು ದೂರ ಹೋಗಬೇಕಿಲ್ಲ. ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ತುಂಗಭದ್ರಾ, ಎರಡರಲ್ಲೂ ಮರಳು. ಕೋಟೆ ಸುತ್ತ ಗ್ರಾನೈಟ್ ಗುಡ್ಡ. ಮರಳಿನಲ್ಲಿ, ಗ್ರಾನೈಟಿನ ಪುಡಿಯಲ್ಲಿ ಇರೋ ಕ್ವಾರ್ಟ್ಜ್ ಮೋಸ್ ಪಟ್ಟಿಯಲ್ಲಿ 7. ಗಾಜು ಸುಮಾರು ಐದೂವರೆಯಿಂದ ಆರು. ದೇವದುರ್ಗ, ಮಾನ್ವಿ ಹೊಲದ ಎರೆಮಣ್ಣು ಪಾಪದ್ದು; ಜೇಡಿ ಮೆತ್ತಗಿರುತ್ತೆ, ಮೆತ್ತಿಕೊಳ್ಳುತ್ತೆ ಅಷ್ಟೇ. ಕೆಡಿಸೋದು ಅದರ ಜೊತೆ ಜೇಬಿಗೆ ಬರೋ ಒಂದು ಚಿಟಿಕೆ ಮರಳು. ಧೂಳು ಕೂತ ಪರದೆಯನ್ನ ಅಂಗಿ ಚುಂಗಿನಿಂದ ತಿಕ್ಕೋದು ಅಂದ್ರೆ ಉಸುಕಿನ ಕಾಗದದಿಂದ ಉಜ್ಜಿದ ಹಾಗೆ. ಮೊದಲು ಊದಿ, ಆಮೇಲೆ ಒರೆಸಿ.

ಇನ್ನು 'ಅನ್‌ಬ್ರೇಕಬಲ್'. ಗೀರು ತಡೆಯೋದು ಬೇರೆ, ಏಟು ತಡೆಯೋದು ಬೇರೆ. ಈಗಿನ ಫೋನಿನ ಸ್ವಂತ ಗಾಜನ್ನ ಕಾಯಿಸಿದ ಪೊಟ್ಯಾಸಿಯಂ ಉಪ್ಪಿನಲ್ಲಿ ಮುಳುಗಿಸಿರ್ತಾರೆ. ಗಾಜಿನ ಮೈಯಲ್ಲಿರೋ ಸಣ್ಣ ಸೋಡಿಯಂ ಅಯಾನು ಹೊರಬಿದ್ದು ಆ ಜಾಗದಲ್ಲಿ ದೊಡ್ಡ ಪೊಟ್ಯಾಸಿಯಂ ತುರುಕಿಕೊಳ್ಳುತ್ತೆ, ಮೇಲ್ಮೈ ಬಿಗಿಯಾಗುತ್ತೆ. ಕಾರ್ನಿಂಗ್ ಕಂಪನಿಯ ಗೊರಿಲ್ಲಾ ಗ್ಲಾಸ್ 2007ರಿಂದ ಬರ್ತಿರೋದು ಇದೇ ವಿದ್ಯೆಯಿಂದ. ಅಗ್ಗದ ಗಾರ್ಡು ಸಾಮಾನ್ಯವಾಗಿ ಅದಕ್ಕಿಂತ ಕಮ್ಮಿ ದರ್ಜೆಯ ಗಾಜು. ಅದರ ಕೆಲಸ ತಾನು ಸವೆದು, ತಾನು ಒಡೆದು, ಕೆಳಗಿನದನ್ನ ಉಳಿಸೋದು. ನಮ್ಮ ಕಡೆ ಕುಂಟಿಗೆ ಕುಡ ಇರುತ್ತಲ್ಲ, ಹಾಗೆ. ಸವೆದಾಗ ಕುಡ ಬದಲಾಯಿಸ್ತಾರೆ, ಕುಂಟಿ ಉಳಿಯುತ್ತೆ. ಸವೆಯದ ಕುಡ ಕೊಡ್ತೀನಿ ಅಂತ ಯಾವ ಕಮ್ಮಾರನೂ ಹೇಳಲ್ಲ.

ಪೆಟ್ಟಿಗೆ ಹೇಳದ ಮಾತುಗಳೇ ಆಯ್ಕೆಗೆ ಬೇಕಾದವು.

ಮೊದಲನೇದು ಅಳತೆ. ಸಣ್ಣ ಊರಿನ ಅಂಗಡಿಗಳಲ್ಲಿ ಒಂದು ಮಾತು ಸಾಮಾನ್ಯ: "ಅಣ್ಣಾ, ನಿಮ್ ಮಾಡೆಲ್ದು ಇಲ್ರಿ, ಆದ್ರ ಇದು ಕುಂದರತೈತಿ." ಕುಂದರ್ತೈತಿ, ಎರಡು ವಾರ. ಅಂಚು ಎದ್ದು ಧೂಳು ಒಳಗೆ ಹೋಗುತ್ತೆ. ಕರಿ ಪಟ್ಟಿ ಮೇಲಿನ ಸೆನ್ಸರ್ ಮುಚ್ಚಿದ್ರೆ ಇನ್ನೊಂದು ರಗಳೆ: ಫೋನ್ ಕಿವಿ ಹತ್ರ ಇದೆಯೋ ಇಲ್ವೋ ಅದಕ್ಕೆ ಗೊತ್ತಾಗಲ್ಲ, ಮಾತಾಡ್ತಾ ಇದ್ದಂಗೆ ಪರದೆ ಕಪ್ಪಾಗಿ ಕೂತುಬಿಡುತ್ತೆ. ಊರಲ್ಲಿರೋ ಅವ್ವ 'ಫೋನ್ ಕೆಟ್ಟೈತಿ' ಅಂತಾಳೆ. ಕೆಟ್ಟಿರೋದು ಗಾರ್ಡು.

ಎರಡನೇದು ಅಂಟು. ಬರೀ ಅಂಚಿಗೆ ಅಂಟಿರೋ ಗಾಜಿನ ನಡುವೆ ಗಾಳಿ ಉಳಿದು ಟಚ್ ಮಂದವಾಗುತ್ತೆ. ಪೂರ್ತಿ ಅಂಟು ಇರೋದನ್ನೇ ಕೇಳಿ. ಬಾಗಿದ ಪರದೆಗೆ ದ್ರವ ಸುರಿದು ಯುವಿ ದೀಪದಲ್ಲಿ ಗಟ್ಟಿ ಮಾಡೋ ಗಾಜು ಬರುತ್ತೆ. ಆ ಅಂಟು ಸ್ಪೀಕರ್ ತೂತಿಗೆ, ಬಟನ್ನಿಗೆ ಇಳಿಯೋ ಅಪಾಯ ಇದೆ. ಅಂಥ ಫೋನಿಗೆ ಮೆತ್ತನೆ ಟಿಪಿಯು ಫಿಲ್ಮ್ ವಾಸಿ. ಏಟು ತಡೆಯೋದು ಕಮ್ಮಿ, ಆದ್ರೆ ಗೀರಿಗೆ ಸಾಕು. ಏಟಿಗೆ ಅಂಚು ಎತ್ತರವಿರೋ ಕವರ್ ಹಾಕಿ.

ಮೂರನೇದು ಬೆರಳಚ್ಚು. ಪರದೆ ಕೆಳಗೆ ಸೆನ್ಸರ್ ಇದ್ರೆ ಗಾರ್ಡ್ ಹಾಕಿದ ಮೇಲೆ ಬೆರಳನ್ನ ಹೊಸದಾಗಿ ದಾಖಲಿಸಿ, ಆಮೇಲೆ ದಾಖಲಿಸದ ಇನ್ನೊಂದು ಬೆರಳಿಟ್ಟು ಪರೀಕ್ಷೆ ಮಾಡಿ. 2019ರಲ್ಲಿ ಸ್ಯಾಮ್‌ಸಂಗ್ ಗೆಲಾಕ್ಸಿ ಎಸ್10 ಫೋನು ಕೆಲವು ಸಿಲಿಕೋನ್ ಹೊದಿಕೆಗಳ ಒಳಗಿನ ವಿನ್ಯಾಸವನ್ನೇ ಬೆರಳಚ್ಚು ಅಂತ ನಂಬಿ ಯಾರ ಬೆರಳಿಗಾದ್ರೂ ತೆರೆದುಕೊಳ್ತಿತ್ತು. ಕಂಪನಿ ಸಾಫ್ಟ್‌ವೇರ್ ತಿದ್ದಿ ಸರಿ ಮಾಡ್ತು. ಬ್ಯಾಂಕು, ಯುಪಿಐ ಎಲ್ಲ ಇರೋ ಪೆಟ್ಟಿಗೆಗೆ ಬೀಗವೇ ಅದು.

ನಾಲ್ಕನೇದು ಬಿಸಿಲು. ಪ್ರೈವೆಸಿ ಗಾರ್ಡಿನಲ್ಲಿ ಕಿಟಕಿಯ ವೆನಿಶನ್ ಪಟ್ಟಿ ಥರ ಅತಿ ಸಣ್ಣ ಪಟ್ಟಿಗಳಿರ್ತಾವೆ, ಪಕ್ಕದವನಿಗೆ ಕಾಣಲ್ಲ. ಬೆಂಗಳೂರು ಮೆಟ್ರೋದಲ್ಲಿ ಸರಿ. ಆದ್ರೆ ಅದು ನಿಮಗೂ ಬೆಳಕು ಕಮ್ಮಿ ಮಾಡುತ್ತೆ. ರಾಯಚೂರಿನ ಮೇ ತಿಂಗಳ ಬಿಸಿಲಲ್ಲಿ ಫೋನು ಕಾದು ತಾನೇ ಬೆಳಕು ಇಳಿಸಿಕೊಳ್ಳುತ್ತೆ. ಅದರ ಮೇಲೆ ಈ ಪಟ್ಟಿ ಬೇರೆ ಇದ್ರೆ ಏನೂ ಕಾಣಲ್ಲ.

ನೂರೈವತ್ತು ರೂಪಾಯಿ ಮಾತಿಗೆ ಇಷ್ಟು ತಲೆ ಕೆಡಿಸ್ಕೋಬೇಕಾ ಅಂತ ನಿಮಗೆ ಅನ್ನಿಸಬಹುದು. ನಮಗೆ ಪರದೆ ಒಡೆದ್ರೆ ಒಂದು ವೀಕೆಂಡ್ ಹಾಳು. ಉದ್ಯೋಗ ಖಾತ್ರಿ ಕೆಲಸದ ಹಾಜರಿಯನ್ನ ಫೋನ್ ಆ್ಯಪಿನಲ್ಲೇ, ದಿನಕ್ಕೆರಡು ಫೋಟೋ ತೆಗೆದು ಹಾಕಬೇಕು ಅನ್ನೋ ನಿಯಮ 2023ರ ಜನವರಿಯಿಂದ ಎಲ್ಲ ಕಡೆ ಬಂತು. ಕರ್ನಾಟಕದಲ್ಲಿ ಆ ಫೋನು ಹಿಡಿದವರು ಕಾಯಕ ಬಂಧುಗಳು, ಬಹಳ ಕಡೆ ಹೆಣ್ಣುಮಕ್ಕಳು. ಕೆರೆ ಹೂಳಿನ ಧೂಳಲ್ಲಿ ಅವರ ಪರದೆ ಕೈಕೊಟ್ರೆ ಹೋಗೋದು ಒಂದು ತಂಡದ ದಿನಗೂಲಿ. '11ಡಿ ಐತ್ರಿ, ಸುತ್ತಿಗಿಲೆ ಹೊಡದ್ರೂ ಒಡಿಯಂಗಿಲ್ಲ' ಅನ್ನೋ ಮಾತನ್ನ ನಂಬಿ ಕವರ್ ಹಾಕದೆ ಇರೋರೂ ಅವರೇ. ಅಂಗಡಿ ಹುಡುಗನ್ನ ಬೈಯೋದು ಬೇಡ, ಅವನು ಪೆಟ್ಟಿಗೆ ಓದಿ ಹೇಳ್ತಾನೆ. ದಾರಿ ತಪ್ಪಿಸೋ ಜಾಹೀರಾತು ಏನು ಅಂತ 2019ರ ಗ್ರಾಹಕ ರಕ್ಷಣಾ ಕಾಯ್ದೆ ಬರೆದಿಟ್ಟಿದೆ. ಈ ಗೋಡೆ ಕಡೆಗೂ ಅದು ಒಮ್ಮೆ ಕಣ್ಣು ಹಾಯಿಸಲಿ.

ಪೆಟ್ಟಿಗೆಯಲ್ಲಿ ನಂಬಬಹುದಾದ ವಸ್ತುಗಳೂ ಇವೆ: ಸ್ಪಿರಿಟ್ ಹಚ್ಚಿದ ಒದ್ದೆ ಕಾಗದ, ಒಣ ಬಟ್ಟೆ, ಧೂಳು ಎತ್ತೋ ಸ್ಟಿಕ್ಕರ್. ಅವನ್ನ ಬಿಸಾಕಬೇಡಿ. ಫ್ಯಾನ್ ಆರಿಸಿ, ಸ್ನಾನ ಮುಗಿದು ಹಬೆ ಇಳಿದ ಬಚ್ಚಲುಮನೆಯಲ್ಲಿ ಅಂಟಿಸಿ. ಅಲ್ಲಿ ಗಾಳಿಯಲ್ಲಿ ಧೂಳು ಕಮ್ಮಿ. ಮುಂದಿನ ಸಲ ಊರಿಗೆ ಹೋಗುವಾಗ ಮನೆಯವರ ಫೋನಿನ ಸರಿಯಾದ ಮಾಡೆಲ್ ಹೆಸರು ಬರ್ಕೊಂಡು, ಅದೇ ಅಳತೆಯ ಎರಡು ಸಾದಾ ಗಾಜು, ಒಂದು ಒಳ್ಳೆ ಕವರ್ ತಗೊಂಡು ಹೋಗಿ. ಎರಡು ಯಾಕೆ ಅಂದ್ರೆ, ಮೊದಲನೇದು ಒಡೆಯೋಕೇ ಇರೋದು.