ಕಳುಹಿಸಲ್ಪಟ್ಟವರು ಯಾರ ಮನೆಯ ಅತಿಥಿಗಳು? ಯುವಜನರ ನಗರ ಸೇವಾಯಾತ್ರೆಗಳ ಕುರಿತು ಒಂದು ವಿಮರ್ಶೆ

ಬೇಸಿಗೆ ರಜೆಯೋ ತಪಸ್ಸು ಕಾಲವೋ ಬಂತೆಂದರೆ ನಮ್ಮ ಧರ್ಮಕೇಂದ್ರಗಳ ಯುವಜನ ಸಂಘಗಳು 'ಮಿಷನ್' ಹೊರಡುವುದು ಈಗ ವಾಡಿಕೆ. ಹಿಂದೆ ಹಳ್ಳಿಗಳ ಕಡೆಗಿದ್ದ ಈ ಯಾತ್ರೆಗಳು ಈಚೆಗೆ ಬೆಂಗಳೂರು, ಮಂಗಳೂರುಗಳಂಥ ನಗರಗಳ ಅಂಚಿನಲ್ಲಿ ಕಟ್ಟಡ ಕಾರ್ಮಿಕರು ಹಾಕಿಕೊಂಡಿರುವ ತಗಡಿನ ಶೆಡ್ಡುಗಳತ್ತ ತಿರುಗಿವೆ. ಮೂರು ದಿನ, ಹೆಚ್ಚೆಂದರೆ ಒಂದು ವಾರ. ಮಕ್ಕಳಿಗೆ ಹಾಡು, ಆಟ. ದೊಡ್ಡವರಿಗೆ ಆರೋಗ್ಯ ತಪಾಸಣೆ. ಮನೆಗೊಂದು ದಿನಸಿ ಚೀಲ. ಕೊನೆಗೊಂದು ಗುಂಪು ಭಾವಚಿತ್ರ. ಗುರು ಅಭ್ಯರ್ಥಿಗಳು ಇಂಥ ಶಿಬಿರಗಳ ಬಗ್ಗೆ ಬರೆದುಕೊಡುವ ವರದಿಗಳನ್ನು ಓದುತ್ತ ಬಂದಿರುವ ನಮಗೆ ಮೊದಲು ಕಣ್ಣಿಗೆ ಬೀಳುವುದು ಅವುಗಳ ವ್ಯಾಕರಣ. ಕರ್ತೃಪದ ಯಾವಾಗಲೂ 'ನಾವು'. ಕಾರ್ಮಿಕರು ಬರುವುದು ಚತುರ್ಥಿ ವಿಭಕ್ತಿಯಲ್ಲಿ: ಇವರಿಗೆ ಕೊಟ್ಟೆವು, ಇವರಿಗೆ ಕಲಿಸಿದೆವು, ಇವರಿಗಾಗಿ ಪ್ರಾರ್ಥಿಸಿದೆವು. ತಾವೇ ಏನನ್ನಾದರೂ ಹೇಳಿದವರಾಗಿ, ಮಾಡಿದವರಾಗಿ ಅವರು ಕಾಣಿಸುವುದು ಅಪರೂಪ. ಒಬ್ಬರ ಊರಿನ ಹೆಸರೂ ಇರುವುದಿಲ್ಲ.

ಊರು ಅವರಿಗಿದೆ. ಆಲಮೇಲ, ಸಿಂದಗಿ, ಲಿಂಬೆಗೆ ಹೆಸರಾದ ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಇವುಗಳ ಸುತ್ತಲಿನ ಹಳ್ಳಿ ಮತ್ತು ಲಂಬಾಣಿ ತಾಂಡಾಗಳಿಂದ ತೊಗರಿ, ಜೋಳದ ಸುಗ್ಗಿ ಮುಗಿದ ಮೇಲೆ ಗುಳೆ ಹೊರಟವರು ಅವರಲ್ಲಿ ಅನೇಕರು. ಜಿಲ್ಲೆಯ ಹೆಸರು 2014ರಲ್ಲಿ ವಿಜಯಪುರವೆಂದಾದರೂ ಕರಾವಳಿಯಲ್ಲಿ ಅವರೆಲ್ಲ ಇನ್ನೂ 'ಬಿಜಾಪುರದವರು', ಇಲ್ಲವೇ ಬರಿಯ 'ಘಟ್ಟದವರು'. ಗೋವೆಗೆ ಹೋದವರ ಪಾಡೂ ಬೇರೆಯಲ್ಲ. ವಾಸ್ಕೋ ಸಮೀಪದ ಬೈನಾದಲ್ಲಿ 2004ರಲ್ಲಿ ಗುಡಿಸಲುಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಕನ್ನಡಿಗರು ಬಹಳ ಮಂದಿ. ಇವರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ದಿನಸಿ ಚೀಲದ ಜೊತೆಗೆ ಕರಪತ್ರವನ್ನೂ ಇಡುವ ಉತ್ಸಾಹಿಗಳು, ಆಮಿಷವೊಡ್ಡಿ ವಿಶ್ವಾಸಕ್ಕೆ ಸೆಳೆಯುವುದನ್ನು ಎರಡನೆಯ ವ್ಯಾಟಿಕನ್ ಮಹಾಸಭೆಯ 'ಆದ್ ಜೆಂತೆಸ್' (13) ಖಂಡಿತವಾಗಿ ನಿಷೇಧಿಸಿದೆ ಎಂಬುದನ್ನು ನೆನೆಯಬೇಕು. ಆ ವಿಷಯ ಇಷ್ಟಕ್ಕೇ ಸಾಕು. ನಮ್ಮ ಆಕ್ಷೇಪಣೆ ಇನ್ನೂ ಮೂಲದ್ದು.

ಈ ಯಾತ್ರೆಗಳಿಗೆ ಆಧಾರವೆಂದು ಸಾಮಾನ್ಯವಾಗಿ ಉದ್ಧರಿಸುವುದು ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯವನ್ನು. ಅಲ್ಲಿ ಪ್ರಭು ಎಪ್ಪತ್ತೆರಡು ಮಂದಿಯನ್ನು ಇಬ್ಬಿಬ್ಬರಾಗಿ ಕಳುಹಿಸುತ್ತಾರೆ, ಬಸ್ಸು ತುಂಬ ಅಲ್ಲ. ಹಣದ ಚೀಲ, ಜೋಳಿಗೆ, ಪಾದರಕ್ಷೆ ಬೇಡವೆನ್ನುತ್ತಾರೆ. ಒಂದೇ ಮನೆಯಲ್ಲಿ ಇಳಿದುಕೊಳ್ಳಬೇಕು. ಮನೆಯಿಂದ ಮನೆಗೆ ಅಲೆಯಬಾರದು. ಬಡಿಸಿದ್ದನ್ನು ಉಣ್ಣಬೇಕೆಂಬ ಆಜ್ಞೆಯಂತೂ ಅಡುತ್ತಡುತ್ತಲೇ ಎರಡು ಸಲ ಬರುತ್ತದೆ. ಅಂದರೆ ಕಳುಹಿಸಲ್ಪಟ್ಟವನು ಅತಿಥಿ. ಮನೆಯ ಯಜಮಾನಿಕೆ ಬರಮಾಡಿಕೊಂಡವರದು. ನಮ್ಮ ಯಾತ್ರೆಗಳು ಇದನ್ನು ತಲೆಕೆಳಗು ಮಾಡಿವೆ. ಕುಡಿಯುವ ನೀರಿನ ಬಾಟಲಿಯಿಂದ ಮಧ್ಯಾಹ್ನದ ಊಟದ ಪೊಟ್ಟಣದವರೆಗೆ ಎಲ್ಲವನ್ನೂ ಹೊತ್ತೊಯ್ದು, ಇನ್ನೊಬ್ಬರ ಅಂಗಳದಲ್ಲಿ ನಾವೇ ಆತಿಥೇಯರಾಗಿ ನಿಲ್ಲುತ್ತೇವೆ. ಕಾರ್ಮಿಕ ಕುಟುಂಬದ ಖಟಕ ರೊಟ್ಟಿಯನ್ನು, ಶೇಂಗಾ ಹಿಂಡಿಯನ್ನು ಮುಟ್ಟದೆ ಮರಳುವವರಿದ್ದಾರೆ. ಶುಚಿತ್ವದ ನೆಪ ಹೇಳಲಾಗುತ್ತದೆ. ಜಾತಿಯ ನೆರಳು ನಮ್ಮ ಪಂಕ್ತಿಗಳಿಂದಲೂ ಸರಿದಿಲ್ಲವೆಂದು ಬಲ್ಲವರಿಗೆ ಆ ನೆಪ ಅಷ್ಟು ಸುಲಭವಾಗಿ ಒಪ್ಪಿಗೆಯಾಗದು.

ಈ ಜನರು ಹೊರಟುಬಂದ ನೆಲಕ್ಕೆ ಇಂಥ ಮಾತು ಹೊಸದಲ್ಲ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆಯಿದು. ದಾಸೋಹದಲ್ಲಿ ಕೊಡುವವನೇ ದಾಸ. ಪಡೆಯುವ ಜಂಗಮನಿಗೆ ಋಣದ ಭಾರವಿಲ್ಲ, ಗೌರವವಿದೆ. ಸಂಸ್ಕೃತೀಕರಣದ ಪಾಠಗಳಲ್ಲಿ ದಾಸೋಹವೆಂಬ ಪದವನ್ನು ನಾವು ಧಾರಾಳವಾಗಿ ಬಳಸುತ್ತೇವೆ, ಆದರೆ ಅದನ್ನು ದಾನಕ್ಕೆ ಪರ್ಯಾಯ ಪದವಾಗಿಸಿ ಬಿಡುತ್ತೇವೆ. ಚಲಿಸುತ್ತ ಬಾಗಿಲಿಗೆ ಬಂದವನು ಇಲ್ಲಿ ಯಾರು? ಯಾತ್ರೆ ಹೊರಟ ಯುವಕನೇ. ಹಾಗಾದರೆ ಉಣಿಸುವ ಅಧಿಕಾರ ಶೆಡ್ಡಿನ ತಾಯಿಯದು.

ಪೋಪ್ ಫ್ರಾನ್ಸಿಸರ 'ಕ್ರಿಸ್ತುಸ್ ವಿವಿತ್' (2019) ಯುವಜನರ ಇಂಥ ಸೇವೆಯನ್ನು ಎರಡು ಕಡೆ ಮೆಚ್ಚಿಕೊಳ್ಳುತ್ತದೆ: ಬಡವರ ಕೇರಿಗಳಿಗೆ ಹೋದವರು ಕೊಟ್ಟದ್ದಕ್ಕಿಂತ ಹೆಚ್ಚು ಪಡೆದು ಬರುತ್ತಾರೆ (171), ರಜಾದಿನಗಳ ಮಿಷನ್ ವಿಶ್ವಾಸವನ್ನು ಹೊಸದಾಗಿಸಿ ದೈವಕರೆಯ ಯೋಚನೆಗೂ ದಾರಿ ಮಾಡಬಹುದು (240). ಎರಡೂ ನಿಜವೇ. ಆದರೆ ಎರಡು ಕಡೆಯೂ ಫಲದ ಲೆಕ್ಕ ಹೋದವರ ಪಾಲಿನದು. ಬರಮಾಡಿಕೊಂಡವರಿಗೆ ಆದದ್ದೇನು ಎಂಬ ಪ್ರಶ್ನೆಗೆ ಉತ್ತರ ಬೇಕಿದ್ದರೆ ಹಳೆಯ ದಾಖಲೆಗೇ ಹೋಗಬೇಕು. ಶ್ರೀಸಾಮಾನ್ಯರ ಪ್ರೇಷಿತಕಾರ್ಯವನ್ನು ಕುರಿತ ಮಹಾಸಭೆಯ ಆದೇಶಪತ್ರ (1965), ನ್ಯಾಯದಿಂದ ಸಲ್ಲಬೇಕಾದುದನ್ನು ದಯೆಯ ಕೊಡುಗೆಯೆಂಬಂತೆ ಕೊಡಬಾರದು, ನೆರವು ಪಡೆದವರು ಕ್ರಮೇಣ ಪರಾವಲಂಬನೆಯಿಂದ ಬಿಡುಗಡೆ ಹೊಂದಬೇಕು ಎಂದು ಎಂಟನೆಯ ಪ್ರಕರಣದಲ್ಲಿ ವಿಧಿಸುತ್ತದೆ. ನಮ್ಮ ಶಿಬಿರಗಳನ್ನು ತೂಗಬೇಕಾದ ತಕ್ಕಡಿ ಇದು.

1968ರಲ್ಲಿ ಇವಾನ್ ಇಲಿಚ್ ಮೆಕ್ಸಿಕೋದ ಹಳ್ಳಿಗಳಿಗೆ ಬೇಸಿಗೆ ಸೇವೆಗೆಂದು ಬರುತ್ತಿದ್ದ ಉತ್ತರ ಅಮೆರಿಕದ ವಿದ್ಯಾರ್ಥಿಗಳಿಗೆ, ನೋಡಲು ಬನ್ನಿ, ಕಲಿಯಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ ಎಂಬ ಅರ್ಥದ ಕಟು ಮಾತನ್ನು ಹೇಳಿದರು. ಅದನ್ನು ಹಾಗೆಯೇ ಇಲ್ಲಿಗೆ ತರಲು ನಮಗೆ ಒಪ್ಪಿಗೆಯಿಲ್ಲ. ಆ ವಿದ್ಯಾರ್ಥಿಗಳು ಪರದೇಶದವರು, ಹಳ್ಳಿಗರ ಜೊತೆ ಹಿಂದುಮುಂದಿನ ಸಂಬಂಧವಿಲ್ಲದವರು. ನಮ್ಮ ಯುವಜನರಿಗೋ, ಯಾತ್ರೆ ಹೊರಡುವ ಮೊದಲೇ ಆ ಕಾರ್ಮಿಕರೊಡನೆ ಸಂಬಂಧವಿದೆ: ಅವರು ಕಟ್ಟಿದ ಅಪಾರ್ಟ್‌ಮೆಂಟುಗಳಲ್ಲಿ ಇವರ ವಾಸ, ಅವರು ಕಾಂಕ್ರೀಟು ಹೊತ್ತು ಎಬ್ಬಿಸಿದ ಸಭಾಂಗಣದಲ್ಲಿ ಇವರ ಸಭೆ. ಅದು ದಯೆಯ ಸಂಬಂಧವಲ್ಲ, ಕೂಲಿಯ ಸಂಬಂಧ.

ಆದ್ದರಿಂದ ಸೇವಾಯಾತ್ರೆಯ ಮೊದಲ ನಿಲ್ದಾಣ ಧರ್ಮಕೇಂದ್ರದ ಸ್ವಂತ ಕಟ್ಟಡದ ಕಾಮಗಾರಿಯಾಗಲಿ. 1996ರ ಕಾಯಿದೆಯಿಂದ ಹುಟ್ಟಿದ ಕಲ್ಯಾಣ ಮಂಡಳಿಯಲ್ಲಿ ಕಟ್ಟಡ ಕಾರ್ಮಿಕನೊಬ್ಬ ನೋಂದಾಯಿಸಿಕೊಳ್ಳಲು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಪುರಾವೆ ಬೇಕು. ನೋಂದಣಿಯಿದ್ದರೆ ಅಪಘಾತ ಪರಿಹಾರ, ಮಕ್ಕಳ ಓದಿಗೆ ನೆರವು, ಪಿಂಚಣಿ ಇವಕ್ಕೆಲ್ಲ ಅರ್ಜಿ ಹಾಕುವ ಹಕ್ಕು ಬರುತ್ತದೆ. ಮಂಡಳಿಯ ನಿಧಿಗೆ ಬರುವುದು ನಿರ್ಮಾಣ ವೆಚ್ಚದ ಶೇಕಡಾ 1ರ ಸೆಸ್. ನಮ್ಮ ಸಭಾಂಗಣದ ಲೆಕ್ಕದಲ್ಲಿ ಆ ಸೆಸ್ ಕಟ್ಟಲಾಗಿದೆಯೇ? ಗುತ್ತಿಗೆದಾರ 90 ದಿನಗಳ ಪತ್ರಕ್ಕೆ ಸಹಿ ಹಾಕಿದ್ದಾನೆಯೇ? ಹೆಣ್ಣಾಳಿಗೂ ಗಂಡಾಳಿಗೂ ಕೂಲಿ ಸಮವೇ? ಇವನ್ನು ಕೇಳಲು ಭಾವಚಿತ್ರ ಬೇಡ, ಗಿಟಾರು ಬೇಡ. ಕೇಳಿದ ಯುವಕನಿಗೆ ಧರ್ಮಕೇಂದ್ರದ ಗುರುವಿನ ಮುಖ ಸಿಂಡರಿಸುವುದನ್ನು ನೋಡುವ ಧೈರ್ಯ ಮಾತ್ರ ಬೇಕು.

ಇದಕ್ಕೆ ಎದುರಾಗಿ ಮತ್ತಾಯನ 25ನೆಯ ಅಧ್ಯಾಯವನ್ನು ಮುಂದಿಡುವವರಿದ್ದಾರೆ. ಹಸಿದವನಿಗೆ ಉಣಿಸಿದ್ದು ಪ್ರಭುವಿಗೇ ಉಣಿಸಿದಂತೆ ಆಗುವುದಾದರೆ ದಿನಸಿ ಚೀಲವನ್ನು ಹೀಗಳೆಯುವುದೇಕೆ? ನಾವು ಹೀಗಳೆಯುತ್ತಿಲ್ಲ, ಹಸಿದವರಿಗೆ ಅಕ್ಕಿ ಅಕ್ಕಿಯೇ. ಆದರೆ ಆ ಸಾಮತಿಯ ನೀತಿವಂತರು ಒಂದು ಬೆರಗಿನಿಂದ ಮಾತನಾಡುತ್ತಾರೆ: ತಾವು ಯಾವಾಗ ಅದನ್ನು ಮಾಡಿದೆವೆಂಬುದು ಅವರಿಗೇ ಗೊತ್ತಿಲ್ಲ. ಅವರು ವರದಿ ಬರೆದಿಟ್ಟವರಲ್ಲ.

ಮುಂಗಾರು ಹತ್ತಿರವಾದಾಗ, ಕಾರಹುಣ್ಣಿಮೆಯ ಹೊತ್ತಿಗೆ, ಗುಳೆ ಹೋದವರಲ್ಲಿ ಬಹಳಷ್ಟು ಜನ ಬಿತ್ತನೆಗೆಂದು ಊರಿಗೆ ಮರಳುತ್ತಾರೆ. ಆಲಮೇಲದ ಕಡೆಗೆ ಹೊರಟ ಯಾವುದೋ ಒಂದು ಕುಟುಂಬ, ವರ್ಷವಿಡೀ ವಾರವಾರ ಬಂದುಹೋದ ಇಬ್ಬರು ಯುವಕರನ್ನು 'ನಮ್ಮೂರಿಗೂ ಒಮ್ಮೆ ಬರ್ರೀ' ಎಂದು ಕರೆದರೆ, ಆ ಇಬ್ಬರು ಬರಿಗೈಯಲ್ಲಿ ಹೋಗಿ, ಅಲ್ಲಿಯ ಎಡೆಯಲ್ಲಿ ಕುಳಿತು ಹೋಳಿಗೆ ಉಂಡು ಬರಲಿ. ಬಂದ ಮೇಲೆ ನಮಗೆ ವರದಿ ಕೊಡುವುದಾದರೆ ಆ ಮನೆಯವರು ಏನು ಹೇಳಿದರೆಂಬುದರಿಂದ ಶುರುಮಾಡಲಿ.