ಒಂದೇ ಶೋಕ, ಎರಡು ಮಾರ್ಗ

ಕಾವ್ಯರೀತಿಗಳನ್ನು ವೈದರ್ಭೀ, ಗೌಡೀ ಎಂದು ನಾಡುಗಳ ಹೆಸರಿನಿಂದ ವಿಂಗಡಿಸುವ ಪದ್ಧತಿಯು ನಮ್ಮ ಆಲಂಕಾರಿಕರಲ್ಲಿ ಬಹುಕಾಲದಿಂದ ನಡೆದುಬಂದಿತ್ತು. ಕಾಶ್ಮೀರದ ಕುಂತಕನು ಇದನ್ನು ಒಪ್ಪಲಿಲ್ಲ. ಮಾರ್ಗವು ಹುಟ್ಟುವುದು ಕವಿಯ ಸ್ವಭಾವದಿಂದಲೇ ಹೊರತು ಅವನ ದೇಶದಿಂದಲ್ಲವೆಂದು ವಾದಿಸಿ, ಸುಕುಮಾರ, ವಿಚಿತ್ರ, ಮಧ್ಯಮ ಎಂಬ ಮೂರು ಮಾರ್ಗಗಳನ್ನು ಅವನು ‘ವಕ್ರೋಕ್ತಿಜೀವಿತ’ದಲ್ಲಿ ನಿರೂಪಿಸಿದನು. ಪಾಠಶಾಲೆಯಲ್ಲಿ ಈ ಪ್ರಕರಣವನ್ನು ಬಾಯಿಪಾಠ ಮಾಡಿದ್ದ ನನಗೆ ಅದರ ಸತ್ಯವು ಮನವರಿಕೆಯಾದುದು ಈ ಇಳಿವಯಸ್ಸಿನಲ್ಲಿ. ಅದೂ ಕಾವ್ಯದಿಂದಲ್ಲ, ಜಪಾನ್ ದೇಶದ ಎರಡು ಚಲಚ್ಚಿತ್ರಗಳಿಂದ. ಚಲಚ್ಚಿತ್ರವು ಯಂತ್ರದ ಕೆಲಸ, ಅದರಲ್ಲಿ ಕವಿಯೆಲ್ಲಿಯವನು ಎಂದು ಹಲವು ವರ್ಷ ತರಗತಿಯಲ್ಲಿ ಹೇಳುತ್ತಿದ್ದವನು ನಾನು. ಆ ಮಾತನ್ನು ಹಿಂತೆಗೆದುಕೊಳ್ಳುವುದೂ ಈ ಲೇಖನದ ಉದ್ದೇಶಗಳಲ್ಲೊಂದು.

ಅಕಿರ ಕುರೋಸಾವಾನ ‘ಇಕಿರು’ 1952ರದು. ಯಸುಜಿರೊ ಓಜುವಿನ ‘ಟೋಕಿಯೋ ಸ್ಟೋರಿ’ 1953ರದು. ದೇಶವೊಂದೇ, ಕಾಲವೊಂದೇ, ಮಹಾಯುದ್ಧದಲ್ಲಿ ಸೋತ ಜನರ ಬಾಳೂ ಒಂದೇ. ಇಳಿವಯಸ್ಸು, ಮಕ್ಕಳ ಔದಾಸೀನ್ಯ, ಮರಣ, ಇವು ಎರಡಕ್ಕೂ ಸಮಾನವಾದ ವಸ್ತು. ಶೋಕವೇ ಎರಡಕ್ಕೂ ಸ್ಥಾಯಿ. ಮಾರ್ಗಕ್ಕೆ ದೇಶವೇ ಕಾರಣವಾಗಿದ್ದರೆ ಇವು ಅವಳಿಮಕ್ಕಳಂತೆ ಇರಬೇಕಾಗಿತ್ತು. ಹಾಗಿಲ್ಲ.

‘ಇಕಿರು’ ಎಂದರೆ ಬದುಕುವುದು. ಚಿತ್ರದ ಆರಂಭದಲ್ಲಿಯೇ ನಾಯಕನ ಜಠರದ ಎಕ್ಸ್-ರೇ ಚಿತ್ರವನ್ನು ತೋರಿಸಿ, ಅವನಿಗೆ ಕ್ಯಾನ್ಸರ್ ರೋಗವಿದೆಯೆಂದು ನಿರೂಪಕನು ಸಾರುತ್ತಾನೆ. ನಾಯಕನಾದ ವತನಬೆ ಸುಮಾರು ಮೂವತ್ತು ವರ್ಷ ನಗರದ ಕಚೇರಿಯಲ್ಲಿ ಕಾಗದಗಳಿಗೆ ಮುದ್ರೆಯೊತ್ತಿದ ಅಧಿಕಾರಿ. ಕೊಳಚೆಗುಂಡಿಯನ್ನು ಮುಚ್ಚಿಸಿ ಮಕ್ಕಳಿಗೆ ಆಟದ ಬಯಲು ಮಾಡಿಕೊಡಿರೆಂದು ಬೇಡಿಬಂದ ಹೆಂಗಸರನ್ನು ವಿಭಾಗದಿಂದ ವಿಭಾಗಕ್ಕೆ ಅಲೆಯಿಸಿದ ಕಚೇರಿ ಅದು. ಸಾವಿನ ಭಯವು ಅವನನ್ನು ಮೊದಲು ವಿಲಾಸಕ್ಕೂ ಬಳಿಕ ಈ ಒಂದೇ ಕಾರ್ಯಕ್ಕೂ ಎಳೆಯುತ್ತದೆ. ಅವನು ಕೆಲಸಕ್ಕೆ ಕೈಹಚ್ಚಿದೊಡನೆಯೇ, ಐದು ತಿಂಗಳ ಅನಂತರ ಅವನು ಸತ್ತನೆಂಬ ನಿರೂಪಕನ ಮಾತು ಕೇಳಿಸುತ್ತದೆ. ಉಳಿದ ಕಥೆಯೆಲ್ಲ ಉತ್ತರಕ್ರಿಯೆಗೆ ನೆರೆದ ಸಹೋದ್ಯೋಗಿಗಳ ತುಂಡುತುಂಡು ನೆನಪುಗಳಲ್ಲಿ ಸಾಗುತ್ತದೆ. ಕಾಲಕ್ರಮವನ್ನು ಹೀಗೆ ಮುರಿದು, ಕುಡಿದ ಗುಮಾಸ್ತರ ಬಾಯಿಯಿಂದ ಒಬ್ಬನ ಮಹತ್ವವನ್ನು ಹೊರಡಿಸುವುದೇ ಪ್ರಬಂಧವಕ್ರತೆ. ಹಿಮ ಬೀಳುತ್ತಿರುವ ರಾತ್ರಿ, ತಾನು ಕಟ್ಟಿಸಿದ ಉದ್ಯಾನದ ಉಯ್ಯಾಲೆಯಲ್ಲಿ ಕುಳಿತು ಅವನು ಹಾಡುವ ದೃಶ್ಯವೂ ನಮಗೆ ಒದಗುವುದು ಪೊಲೀಸಿನವನೊಬ್ಬನ ನೆನಪಿನಿಂದಲೇ. ಇದು ವಿಚಿತ್ರಮಾರ್ಗ.

ಓಜುವಿನ ಕಥೆಯನ್ನು ಎರಡು ವಾಕ್ಯಗಳಲ್ಲಿ ಹೇಳಿ ಮುಗಿಸಬಹುದು. ಒನೊಮಿಚಿ ಎಂಬ ಕಡಲತೀರದ ಊರಿನಿಂದ ವೃದ್ಧ ದಂಪತಿಗಳು ಟೋಕಿಯೋದಲ್ಲಿರುವ ಮಕ್ಕಳನ್ನು ನೋಡಲು ಬರುತ್ತಾರೆ. ವೈದ್ಯನಾದ ಮಗನಿಗೂ ಕೇಶಾಲಂಕಾರದ ಅಂಗಡಿಯಿಟ್ಟ ಮಗಳಿಗೂ ಬಿಡುವಿಲ್ಲ. ಅವರನ್ನು ಅಟಾಮಿಯೆಂಬ ಬಿಸಿನೀರಿನ ಬುಗ್ಗೆಗಳ ಊರಿಗೆ ಸಾಗಹಾಕುತ್ತಾರೆ. ಯುದ್ಧದಲ್ಲಿ ಮಡಿದ ಮಗನ ಹೆಂಡತಿ ನೊರಿಕೊ ಮಾತ್ರ ಆದರಿಸುತ್ತಾಳೆ. ಊರಿಗೆ ಮರಳಿದ ತಾಯಿ ತೀರಿಕೊಳ್ಳುತ್ತಾಳೆ. ಕ್ಯಾಮರಾ ನೆಲದ ಮೇಲೆ ಕುಳಿತವರ ಕಣ್ಣಿನ ಮಟ್ಟಕ್ಕಿಂತಲೂ ತಗ್ಗಿನಲ್ಲಿದ್ದು, ಬಹುಮಟ್ಟಿಗೆ ಅಲುಗುವುದೇ ಇಲ್ಲ. ಮನೆಗೆ ಬಂದು ಒಂದು ಮೂಲೆಯಲ್ಲಿ ಕುಳಿತ ಅತಿಥಿಯಂತೆ ಅದು ನೋಡುತ್ತದೆ. ಇದು ಸುಕುಮಾರಮಾರ್ಗ.

ಇಬ್ಬರೂ ಮರಣದ ಕ್ಷಣವನ್ನು ನಮ್ಮಿಂದ ಮರೆಮಾಡುವುದು ಗಮನಿಸತಕ್ಕ ವಿಷಯ. ಕುರೋಸಾವಾ ಅದನ್ನು ಸಿಡಿಲಿನಂತೆ ಒಂದು ವಾಕ್ಯದಲ್ಲಿ ಎರಗಿಸುತ್ತಾನೆ. ಓಜುವಾದರೋ, ತಾಯಿ ಬೆಳಗಿನವರೆಗೆ ಉಳಿಯಲಾರಳೆಂಬ ಮಾತಾದ ಮೇಲೆ ಮುಂಜಾವದ ಊರಿನ ಕೆಲವು ನಿರ್ಜನ ಚಿತ್ರಗಳನ್ನಿಟ್ಟು ಸುಮ್ಮನಾಗುತ್ತಾನೆ. ಮತ್ತೆ ಮನೆಯನ್ನು ಕಂಡಾಗ ಎಲ್ಲವೂ ಮುಗಿದಿರುತ್ತದೆ. ತಂದೆ ಹೊರಗೆ ನಿಂತು ಸೂರ್ಯೋದಯವನ್ನು ನೋಡಿ, ಬೆಳಗು ಸೊಗಸಾಗಿತ್ತೆಂದೂ ಇಂದು ಸೆಕೆಯಾದೀತೆಂದೂ ನುಡಿಯುತ್ತಾನೆ. ಚಿಶು ರ್ಯೂ ಈ ಮಾತನ್ನು ಹವೆಯ ಮಾತಾಗಿಯೇ ಆಡಿದ್ದಾನೆ. ಶೋಕವು ಪ್ರೇಕ್ಷಕನಲ್ಲಿಯೇ ಹುಟ್ಟಬೇಕು.

ದೋಷವಿಮರ್ಶೆಯನ್ನೂ ಬಿಡಲಾಗದು. ‘ಇಕಿರು’ವಿನ ನಿರೂಪಕನು ನಾಯಕನನ್ನು ಜೀವಚ್ಛವವೆಂದು ನಮಗೆ ಮೊದಲೇ ಹೇಳಿಬಿಡುವುದು ಅನಾವಶ್ಯಕ; ಶಿಮುರಾನ ಬಗ್ಗಿದ ಬೆನ್ನೇ ಅದನ್ನು ಹೇಳುತ್ತಿತ್ತು. ‘ಟೋಕಿಯೋ ಸ್ಟೋರಿ’ಯ ಪೂರ್ವಾರ್ಧವು ತಾಳ್ಮೆಯಿಲ್ಲದವರಿಗೆ ಜಡವೆನಿಸೀತು. ಆದರೆ ಈ ಜಡತೆಯಲ್ಲಿಯೇ ಆ ದಂಪತಿಗಳು ಕಾದು ಕುಳಿತ ದಿನಗಳ ಭಾರವನ್ನು ನಾವೂ ಹೊರುತ್ತೇವೆ.

ಮೊದಲ ಸಲ ನೋಡಿದಾಗ ನಾನು ಮಗಳು ಶಿಗೆಯ ಮೇಲೆ ಕೋಪಗೊಂಡೆನು. ತಾಯಿಯ ಅಂತ್ಯಕ್ರಿಯೆ ಮುಗಿದ ಊಟದಲ್ಲಿಯೇ ಅವಳ ಉಡುಪನ್ನು ತನಗೆ ಬೇಕೆಂದು ಕೇಳುವ ಮಗಳವಳು. ಎರಡನೆಯ ಸಲ ನೋಡಿದಾಗ ಬೇರೊಂದು ನೆನಪು ಬಂದಿತು. ನಾನು ಉದ್ಯೋಗದಲ್ಲಿದ್ದ ಊರಿಗೆ ನಮ್ಮ ತಂದೆಯವರು ಒಮ್ಮೆ ಬಂದಿದ್ದರು. ಪರೀಕ್ಷೆಯ ಉತ್ತರಪತ್ರಿಕೆಗಳ ರಾಶಿಯನ್ನು ತೋರಿಸಿ ಮೂರನೆಯ ದಿನವೇ ಅವರನ್ನು ಬಸ್ಸು ಹತ್ತಿಸಿದೆನು. ಅವರು ಮತ್ತೆ ಬರಲಿಲ್ಲ. ಓಜು ಶಿಗೆಯನ್ನು ದುಷ್ಟಳನ್ನಾಗಿ ಚಿತ್ರಿಸಿದ್ದರೆ ನಾನು ಅವಳನ್ನು ಬೈದು ನಿಶ್ಚಿಂತನಾಗಿ ಮಲಗುತ್ತಿದ್ದೆನು. ಆ ಅನುಕೂಲವನ್ನು ಅವನು ಕೊಡಲಿಲ್ಲ. ಆದರ್ಶಳಾದ ನೊರಿಕೊಳ ಬಾಯಿಯಿಂದಲೂ, ಗಂಡನನ್ನು ನೆನೆಯದ ದಿನಗಳಿವೆ, ತಾನು ಅಷ್ಟು ಒಳ್ಳೆಯವಳಲ್ಲವೆಂದು ಅವನು ಹೇಳಿಸುತ್ತಾನೆ.

ಮಾರ್ಗಗಳಲ್ಲಿ ಉತ್ತಮಾಧಮವೆಂಬ ತಾರತಮ್ಯವನ್ನು ಕುಂತಕನು ಒಪ್ಪಲಿಲ್ಲ. ನಾನೂ ಇಲ್ಲಿ ತೀರ್ಪು ಕೊಡುವುದಿಲ್ಲ. ಬದುಕು ಉಳಿದಿರುವಾಗ ಏನಾದರೂ ಮಾಡೆಂದು ಕುರೋಸಾವಾ ಎಬ್ಬಿಸುತ್ತಾನೆ. ಮಾಡದೆ ಉಳಿದುದನ್ನು ಓಜು ಮೆಲ್ಲನೆ ಎದುರಿಗಿಡುತ್ತಾನೆ. ಸಹೃದಯರು ಎರಡನ್ನೂ ನೋಡಲಿ. ತಂದೆತಾಯಿಗಳು ಇರುವವರು ಓಜುವನ್ನು ಮೊದಲು ನೋಡಲಿ.